ಮಕ್ಕಳಿಗೆಂದು ಕಾಸಿದ ಕಾಫಿ

...ಅಲ್ಲ ಕಣೋ, ಕಾಫಿ ಬೇಡ ಅಂತ ನಾನೆಲ್ಲಂದೆ, ಯಾವ ಬೀಜದ್ದು ಅಂತ ನೋಡ್ಕೊಂಡು ಕುಡಿ ಅಂದೆ, ಅಷ್ಟೆ. ನಂಗಾಗ ಹನ್ನೊಂದು, ಅಲ್ಲ, ತಾಳು, ಹನ್ನೆರಡು ವರ್ಷ. ಗವಿಪುರದ ಮನೇಲಿ ನಮ್ಮಪ್ಪನ ಅಕ್ಕ ಪದ್ಮತ್ತೆ, ಅಡುಗೆಮನೆ ಅವರದೇ ರಾಜ್ಯ. ಆ ವರ್ಷ ಕಾಫಿಪುಡಿಗೆ ಬರಗಾಲ, ಅಂಗಡಿಯವನು ಡಬ್ಬ ಬೋರಲು ಹಾಕಿ ತೋರಿಸ್ತಿದ್ದ. ಬಂದೋರಿಗೆ ಕಾಫಿ ಕೊಡ್ದೆ ಕಳಿಸಿದ್ರೆ ಅತ್ತೆಗೆ ಮಾನ ಹೋದ ಹಾಗೆ. ಅದಕ್ಕೆ ಏನ್ಮಾಡಿದ್ರು ಗೊತ್ತಾ, ಇದ್ದ ಚೂರು ಪುಡಿ ದೊಡ್ಡೋರಿಗೆ, ಬಂದೋರಿಗೆ ಅಂತ ಎತ್ತಿಟ್ರು. ನಂಗೆ ಮಾತ್ರ, ಯಾರೋ ಹೇಳಿದ್ರಂತೆ, ಖಾಲಿ ಸೈಟಲ್ಲಿ ಬೆಳ್ದಿದ್ದ ತಗಚೆ ಥರದ್ದೊಂದು ಗಿಡದ ಬೀಜ ಹುರಿದು ಪುಡಿಮಾಡಿ, "ತಗೋ ಪುಟ್ಟಿ, ಮಕ್ಕಳ ಕಾಫಿ" ಅಂದ್ರು. ಅಲ್ಲಿವರ್ಗೂ ನಮ್ಮನೇಲಿ ಮಕ್ಕಳಿಗೆ ಕಾಫಿನೇ ಇಲ್ಲ, ಬರೀ ಹಾಲು! ನಂಗೆ ಸ್ವರ್ಗಕ್ಕೆ ಮೂರೇ ಗೇಣು. ದಿನಕ್ಕೆ ಮೂರು ಲೋಟ ಕುಡ್ದೆ, ಸಾಲ್ದು ಅಂತ ಡಬ್ಬದಲ್ಲಿದ್ದ ಹಸಿಬೀಜಾನೂ ಕದ್ದು ಹುರಿಗಾಳಿನ ಹಾಗೆ ಮುಕ್ಕಿದೆ.

ನಾಲ್ಕನೇ ದಿನಕ್ಕೆ ತೊಡೆ ನೋವು, ತೋಳು ನೋವು. ಅತ್ತೆ, "ಕುಂಟೆಬಿಲ್ಲೆ ಜಾಸ್ತಿ ಆಡಿದಾಳೆ, ಉಷ್ಣ!" ಅಂತ ಹರಳೆಣ್ಣೆ ತಿಕ್ಕಿದ್ರು. ಹರಳೆಣ್ಣೆಗೆ ಬಗ್ಗದಿದ್ರೆ ಇನ್ನಷ್ಟು ಹರಳೆಣ್ಣೆ. ಆಮೇಲೆ ಉಚ್ಚೆ ಕಂದುಬಣ್ಣಕ್ಕೆ ತಿರುಗ್ತು. ಹೇಳಿದ್ರೆ ಕಾಫಿ ನಿಲ್ಲಿಸ್ಬಿಡ್ತಾರೆ ಅಂತ ನಾನು ಗಪ್‌ಚಿಪ್. ಮಾರನೇ ಬೆಳಿಗ್ಗೆ ಲೋಟ ಎತ್ತೋಕೆ ಹೋದ್ರೆ ಕೈ ಮೇಲೇಳ್ಲಿಲ್ಲ. "ಅಯ್ಯೋ, ಪುಟ್ಟಿ ಕಾಫಿ ಬಿಟ್ಳು!" ಅಂತ ಅತ್ತೆ ಕೂಗಿದ್ದೇ ತಡ, ಅಪ್ಪ ಎತ್ಕೊಂಡು ಆಸ್ಪತ್ರೆಗೆ ಓಡಿದ್ರು.

ಡಾಕ್ಟ್ರು, "ಮೂತ್ರ ಯಾವ ಬಣ್ಣಮ್ಮಾ?" "ಡಿಕಾಕ್ಷನ್ ಥರ." "ಮೊದಲ್ನೇದಾ, ಎರಡನೇದಾ?" ಅವರೂ ನಮ್ಮ ಬಸವನಗುಡಿ ಕಡೆಯ ಕಾಫಿ ಹುಚ್ಚಿನೋರೇ ನೋಡು! "ಮೊದಲ್ನೇದು, ಕಪ್ಪಗೆ ಗಟ್ಟೀದು" ಅಂದೆ. ಅವರ ನಗು ಅಲ್ಲಿಗೇ ನಿಂತ್ಹೋಯ್ತು. "ಏನು ತಿಂದೆ?" ಹಿಂದೇನೇ ಬಂದಿದ್ದ ಅತ್ತೆ ಡಬ್ಬ ಮುಂದಿಟ್ಟು, "ಶುದ್ಧವಾಗಿದೆ, ನಾನೇ ಕೇರಿದ್ದು" ಅಂದ್ರು. ಡಾಕ್ಟ್ರು ಬೀಜ ಅಂಗೈಗೆ ಸುರ್ಕೊಂಡು ನೋಡಿದ್ರು. "ಶುದ್ಧವಾದ ವಿಷಾಮ್ಮ ಇದು. ಮಗೂ ಮಾಂಸಖಂಡ ಕರಗಿ, ರಕ್ತಕ್ಕೆ ಸೇರಿ, ಕಿಡ್ನೀಲಿ ಕೂರ್ತಾ ಇದೆ. ಇನ್ನೆರಡು ದಿನ ಬಿಟ್ಟಿದ್ರೆ ಉಳೀತಿದ್ಳೋ ಇಲ್ವೋ." ಅತ್ತೆ ಡಬ್ಬಾನ ಅಲ್ಲೇ ಕಸದ ಬುಟ್ಟಿಗೆ ಬೋರಲು ಹಾಕಿದ್ರು. ನಂಗೂ ಭಯ ಆಯ್ತು, ಸುಳ್ಳ್ಯಾಕೆ ಹೇಳ್ಲಿ. ಹತ್ತು ದಿನ ಡ್ರಿಪ್ಪು.

ಮನೆಗೆ ಬಂದ ದಿನ ಅತ್ತೆ ತಮ್ಮ ಲೋಟದ ಕಾಫಿ ಅರ್ಧ ನನ್ನ ಲೋಟಕ್ಕೆ ಬಗ್ಗಿಸಿದ್ರು. ಅವರಿರೋವರ್ಗೂ ಹಂಗೇ ಕೊಟ್ರು. ಅದಕ್ಕೇ ಹೇಳೋದು, ಒಂದೇ ಒಲೆ ಮೇಲೆ ದೊಡ್ಡೋರಿಗೊಂದು, ಮಕ್ಕಳಿಗೊಂದು ಅಂತ ಕಾಸ್ಬಾರ್ದು. ಇದ್ರೆ ಅರ್ಧರ್ಧ, ಇಲ್ದಿದ್ರೆ ಎಲ್ಲರಿಗೂ ನೀರು. ಮತ್ತೆ ಉಚ್ಚೆ ಬಣ್ಣ ಬದಲಾದ್ರೆ ಬಾಯ್ಬಿಟ್ಟು ಹೇಳು. ಹೂಂ, ಆ ಲೋಟ ಇತ್ತ ತಾ, ಅರ್ಧ ನಂದು.