ಹಸಿರಾದ ಸೆಲ್

ಹೆಬ್ಬಾಳದ ಬಸ್ ಸ್ಟಾಪಿನಲ್ಲಿ, ಒಂದೇ ಕಂಪನಿಯ ಐಡಿ ಕಾರ್ಡ್ ಹಾಕಿಕೊಂಡ ಇಬ್ಬರು ಹುಡುಗಿಯರು ನನ್ನ ಪಕ್ಕದಲ್ಲೇ ನಿಂತಿದ್ದರು.

“ತಸ್ನೀಮ್, ಹೋದ ತಿಂಗಳ ಫೀಡ್‌ಬ್ಯಾಕ್ ಎಕ್ಸೆಲ್ ಶೀಟಲ್ಲಿ ಏನ್ ಬರೆದೆ?”

“ಮ್ಯಾನೇಜರ್ ಕ್ಯಾಬಿನ್‌ಗೆ ಕರೆದು ಕೈ ಹಿಡ್ಕೊಂಡಿದ್ದನ್ನ ಬರೆದೆ ಕಣೆ ದಿವ್ಯ.”

“ಎಚ್‌ಆರ್‌ನವರು ಕರೆದು ಕೇಳಿದ್ರಾ?”

“ಇಲ್ಲ. ಇನ್ನೂರು ಅಕ್ಷರ ಆಗೋತನಕ ಶೀಟಲ್ಲಿ ನಾನು ಬರೆಯೋ ಸೆಲ್ ಕೆಂಪಗಿತ್ತು, ಆಮೇಲೆ ಹಸಿರಾಯ್ತು. ಅಕ್ಷರ ಎಣಿಸೋ ಫಾರ್ಮುಲಾ ಹಾಕಿದಾರಲ್ಲ, ಅವರು ನೋಡೋದು ಆ ಬಣ್ಣ ಅಷ್ಟೇ.”

“ಓದೇ ಇಲ್ವಾ?”

“ಓದಿದ್ರೆ, ವಿವರವಾಗಿ ಬರೆದಿದಾಳೆ ಅಂತ ಮೀಟಿಂಗಲ್ಲಿ ನನ್ ಹೆಸರು ಹೇಳ್ತಿದ್ರಾ? ಮೊದಲು ಚಪ್ಪಾಳೆ ಹೊಡೆದಿದ್ದೇ ಆ ಮ್ಯಾನೇಜರ್.”



“ಈ ತಿಂಗಳು ಏನ್ ಬರೀತೀಯ?”

“ಅದನ್ನೇ ಪೇಸ್ಟ್ ಮಾಡ್ತೀನಿ. ಅವನೂ ಬದಲಾಗಿಲ್ಲ, ಅಕ್ಷರಾನೂ ಸಾಕಷ್ಟಿದೆ.”

ಆರ್.ಟಿ. ನಗರದ ಬಸ್ ಬಂತು. ಇಬ್ಬರೂ ಹತ್ತಿಕೊಂಡರು.