ಲೊರೆಶೋದಲ್ಲಿ ಆಲಿಕಲ್ಲು ಬಿದ್ದ ದಿನದ ಸೀಮಂತ

ಸ್ನೋ ಅಲ್ವೋ, ನಿಮ್ಮಪ್ಪ ಎಲ್ರಿಗೂ ಸ್ನೋ ಬಿತ್ತು ಅಂತ್ಲೇ ಹೇಳ್ತಾರೆ, ಅದು ಆಲಿಕಲ್ಲು. ಆದ್ರೆ ನೋಡಿದೋರು ಸ್ನೋನೇ ಅನ್ಬೇಕು, ಈ ಲೊರೆಶೋ ರಸ್ತೆ ಪೂರ್ತಿ ಬೆಳ್ಳಗೆ, ಹುಲ್ಲೇ ಕಾಣ್ತಿರ್ಲಿಲ್ಲ. ಮಳೆಗಾಲ ಇನ್ನೂ ಕಾಲಿಟ್ಟಿರ್ಲಿಲ್ಲ ಗೊತ್ತಾ, ಮಧ್ಯಾಹ್ನ ಚೆನ್ನಾಗಿ ಬಿಸಿಲಿತ್ತು, ಇದ್ದಕ್ಕಿದ್ದ ಹಾಗೆ ದಬದಬ ಅಂತ ಶುರು, ಮಳೆ, ಕಲ್ಲು ಎರಡೂ ಒಟ್ಟಿಗೆ. ಕರೆಂಟೂ ಹೋಯ್ತು. ಅವತ್ತೇ ನಿಮ್ಮಮ್ಮನ ಸೀಮಂತ, ನೀನು ಹೊಟ್ಟೇಲಿದ್ದೆ. ನಾನು ಮೈಸೂರಿಂದ ಈ ಪರದೇಶಕ್ಕೆ ಬಾಣಂತನಕ್ಕೆ ಅಂತ ಬಂದಿದ್ದೆ, ಅಲ್ಲಲ್ಲ, ಬಾಣಂತನ ಆಮೇಲೆ, ಮೊದ್ಲು ಸೀಮಂತಕ್ಕೆ ಅಂತ್ಲೇ ಬಂದಿದ್ದು. ಬಂದು ಮಾಡಿದ್ದೇನು, ಅಡುಗೆಮನೇಲಿ ಕೂತೆ. ನಿಮ್ಮ ತಾತ ಹೋಗಿ ಆಗಷ್ಟೇ ವರ್ಷ ತುಂಬಿತ್ತು, ಗಂಡ ಇಲ್ಲದೋಳು ಬಸುರಿಗೆ ಬಳೆ ತೊಡಿಸಬಾರ್ದು ಅಂತಾರಲ್ಲ, ಅದಕ್ಕೆ. ಯಾರೂ ಹೇಳಿರ್ಲಿಲ್ಲಪ್ಪ, ನಾನೇ ಹೋಗಿ ಕೂತೆ. ಭಯ ಕಣೋ, ನನ್ನ ಕೈಯಿಂದ ನಿನಗೇನಾದ್ರೂ ಆದ್ರೆ ಅಂತ.

ಬಳೆ ತೊಡಿಸೋಕೆ ಹರ್ಲಿಂಗ್‌ಹ್ಯಾಮ್ ಬಡಾವಣೆ ಕಡೆಯಿಂದ ನಮ್ಮ ಕನ್ನಡದೋರು ಐದು ಜನ ಮುತ್ತೈದೆಯರು ಬರ್ಬೇಕಿತ್ತು. ಫೋನ್ ಬಂತು. "ಆಂಟಿ, ಮರ ಬಿದ್ದು ರಸ್ತೆ ಬಂದ್ ಆಗಿದೆ, ಕಾರು ಬೇರೆ ಜಾರ್ತಿದೆ, ವಾಪಸ್ ಹೋಗ್ತಿದೀವಿ." ಭಾನುವಾರ ಬೇರೆ, ನಾಲ್ಕೂವರೆಗೆ ರಾಹುಕಾಲ. ನಿಮ್ಮಮ್ಮ ಹಸಿರು ಸೀರೆ ಉಟ್ಕೊಂಡು ಮಣೆ ಮೇಲೆ ಕೂತು ಅಳ್ತಿದಾಳೆ. "ಅಮ್ಮ, ನೀನೇ ತೊಡಿಸು." ನಾನೆಲ್ಲಿ ಒಪ್ತೀನಿ? "ವಂಜಿಕು ತೊಡಿಸ್ಲಿ, ಅವಳಿಗೆ ಗಂಡ ಇದಾನೆ" ಅಂದೆ. ವಂಜಿಕು ಅಂದ್ರೆ ಆಗ ಮನೆ ಕೆಲಸಕ್ಕೆ ಬರ್ತಿದ್ದೋಳು, ಈ ದೇಶದೋಳೇ. ಪಾಪ, ಕೈ ಒರೆಸ್ಕೊಂಡು ಬಂದ್ಲು, ಹಣೆಗೆ ಕುಂಕುಮ ಇಡು ಅಂದ್ರೆ ಮೂಗಿನ ತನಕ ಎಳೆದ್ಲು. ಅಳ್ತಿದ್ದ ನಿಮ್ಮಮ್ಮ ನಕ್ಬಿಟ್ಲು. ಒಂದು ಬಳೆ ತೊಡಿಸಿ, ಮಿಕ್ಕಿದ್ದನ್ನ ವಂಜಿಕು ನನ್ನ ಕೈಗೇ ಕೊಟ್ಬಿಟ್ಲು, ಅಮ್ಮ ಅಂದ್ಮೇಲೆ ಇವರೇ ತಾನೇ ತೊಡಿಸ್ಬೇಕು ಅಂತ. ನಾನು ಬಳೆ ವಾಪಸ್ ಇಡೋಕೆ ಹೋದೆ. ನಿಮ್ಮಮ್ಮ ಚಾಚಿದ ಕೈ ಮಡಚ್ಲೇ ಇಲ್ಲ. "ಕೈ ನೋಯ್ತಿದೆ ಕಣಮ್ಮ" ಅಂದ್ಲು, ಅಷ್ಟೇ. ಹೆತ್ತ ಕರುಳು ನೋಡು, ತೊಡಿಸ್ದೆ. ಒಂದೊಂದೇ, ದೇವರ ಹೆಸರು ಹೇಳ್ಕೊಂಡು, ಎರಡೂ ಕೈ ತುಂಬ. ಆಮೇಲೆ ನೀನು ಹುಟ್ಟೋ ತನಕ ನನಗೆ ನೆಟ್ಟಗೆ ನಿದ್ದೆ ಇಲ್ಲ. ಹುಟ್ಟಿದೆ, ಅದೇನು ಕಿರುಚಾಟ, ನರ್ಸಮ್ಮನೇ ಕಿವಿ ಮುಚ್ಕೊಂಡ್ಲು. ಅವತ್ತು ಆಸ್ಪತ್ರೇಲಿ ನಾನು ಅತ್ತಷ್ಟು ನೀನೂ ಅತ್ತಿಲ್ಲ. ಅಷ್ಟೇ ಕಣೋ, ಶುಭಕ್ಕೆ ಕೈ ಚೊಕ್ಕವಾಗಿದ್ರೆ ಸಾಕು. ಎಲ್ಲಿ, ನಿನ್ನ ಕೈ ತೋರ್ಸು. ಥೂ, ಹೋಗಿ ತೊಳ್ಕೊಂಡು ಬಾ, ಊಟಕ್ಕೆ ಬಡಿಸ್ತೀನಿ.