ವೇದಿಕೆ ಮೇಲೆ ಅಳೋದಿಲ್ಲ

ಬ್ಯಾಡಗಿಯಲ್ಲಿ ಹಾವೇರಿ ಬಸ್ಸಿಗೆ ಕಾಯುತ್ತಿದ್ದ ಮಹೇಶ್ವರಿಯ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಸಂಘದ ದೇವವ್ವನಿಗೆ ಸೇವಾಸಂಸ್ಥೆಯ ಧನಶ್ರೀ ಹೇಳುತ್ತಿದ್ದಳು:

“ಇವತ್ತ ಹಾವೇರಿ ಸಭಾದಾಗ ನಿಮ್ಮ ಬಡತನ ಹೇಳ್ರಿ ಅಕ್ಕಾರ. ಕಣ್ಣೀರು ಬಂದ್ರ ಚಲೋ, ನೆರವು ಲಗೂ ಸಿಗತೈತಿ.”

“ನಾ ಅಳಾಂಗಿಲ್ಲವ್ವಾ. ನಮ್ಮ ಕೇರಿಗೆ ನಳ ಕೊಡಾಂಗಿಲ್ಲ ಅಂದಾಗ ಪಂಚಾಯ್ತಿ ಬಾಗಿಲದಾಗ ಕುಂತು ನೀರು ತಂದೇವಿ. ಅದನ್ನ ಹೇಳತೇನಿ.”

“ಹಂಗಾದ್ರ ಇವರಿಗೆ ನೆರವು ಯಾಕ ಅಂದಾರು.”

“ಅನ್ನಲಿ. ನನ್ನ ಕುರ್ಚಿ ಎಲ್ಲಿ ಹಾಕೀರಿ?”

“ಕೆಳಗ, ಮುಂದಿನ ಸಾಲಿನ್ಯಾಗ.”

“ಮ್ಯಾಲೆ ಹಾಕ್ರಿ, ಅತಿಥಿಗಳ ಬಾಜೂಕ. ಇಲ್ಲಾಂದ್ರ ನಾ ಬಸ್ ಹತ್ತಾಂಗಿಲ್ಲ.”

ಬಸ್ಸು ಬಂತು. ದೇವವ್ವ ಏಳಲಿಲ್ಲ, ಮಹೇಶ್ವರಿಗೂ ಏಳಲು ಮನಸ್ಸಾಗಲಿಲ್ಲ. ಕೊನೆಗೆ ಧನಶ್ರೀ ಫೋನು ತೆಗೆದು, “ಸರ್, ವೇದಿಕೆ ಮ್ಯಾಲೆ ಇನ್ನೊಂದು ಕುರ್ಚಿ ಹಾಕಸ್ರಿ” ಎಂದಳು.

ದೇವವ್ವ ಸೆರಗು ಬಿಗಿದು, ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದಳು.